ಸನ್ನಿ ಸೈಡ್‌ಗೆ ಹೋಗುವಾಗ ಮನೆಯ ಹಳೇ ಸೈನಿಕರನ್ನೂ ಕರ್ಕೊಂಡು ಹೋಗಿ

ಮಡಿಕೇರಿಗೆ ಬಂದವರು ರಾಜಾಸೀಟ್ ನೋಡುತ್ತಾರೆ, ಅಬ್ಬಿ ಜಲಪಾತಕ್ಕೆ ಹೋಗುತ್ತಾರೆ, ಕಾಫಿಪುಡಿ, ಜೇನು ಕಟ್ಟಿಸಿಕೊಂಡು ಘಾಟಿ ಇಳಿಯುತ್ತಾರೆ. ಇಲ್ಲಿಯವರಾದ ನಾವೂ ಹೆಚ್ಚುಕಮ್ಮಿ ಹಾಗೇ. ಸೋಮವಾರಪೇಟೆಯಿಂದ ತಿಂಗಳಿಗೆ ಎರಡು ಸಲ ಮಡಿಕೇರಿಗೆ ಹೋಗುವ ನಾನು ಸನ್ನಿ ಸೈಡ್, ಅಂದರೆ ಹಿಂದೆ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮ್ಯೂಸಿಯಂ ಒಳಗೆ ಕಾಲಿಟ್ಟಿದ್ದು ಈ ಮಳೆಗಾಲದಲ್ಲಿ. ಅದೂ ದೊಡ್ಡಪ್ಪ ಹೇಳಿದ್ದಕ್ಕೆ.

ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು, ಅಂದರೆ ಸೇನೆಗೆ ದಾರಿ, ಸೇತುವೆ ಮಾಡಿಕೊಡುವ ಎಂಜಿನಿಯರ್ ದಳದಲ್ಲಿ. 1971ರಲ್ಲಿ ಪೂರ್ವದ ಗಡಿಯಲ್ಲಿದ್ದರು ಅಂತ ಗೊತ್ತು, ಅದಕ್ಕಿಂತ ಜಾಸ್ತಿ ಅವರು ಯಾವತ್ತೂ ಹೇಳಿದವರಲ್ಲ. ಅವತ್ತು ಬಿಪಿ ಮಾತ್ರೆ ತರೋಕೆ ಅಂತ ಜೊತೆಗೆ ಬಂದಿದ್ದರು. ಕೆಲಸ ಬೇಗ ಮುಗಿಯಿತು. 'ಬಾ ಮಗ, ತಿಮ್ಮಯ್ಯನವರ ಮನೆ ನೋಡ್ಕೊಂಡು ಹೋಗೋಣ' ಅಂದರು.

ಮನೆ ಅಂದಿದ್ದು ಸರಿಯಾಗಿಯೇ ಇದೆ. ಇದು ಮ್ಯೂಸಿಯಂ ಅಂತ ಹೊಸದಾಗಿ ಕಟ್ಟಿದ ಕಟ್ಟಡವಲ್ಲ, ಕೋದಂಡೇರ ಕುಟುಂಬದ ಹಳೇ ಹಂಚಿನ ಬಂಗಲೆ. ತಿಮ್ಮಯ್ಯನವರು ಹುಟ್ಟಿದ್ದು 1906ರಲ್ಲಿ, ಇದೇ ಮಡಿಕೇರಿಯಲ್ಲಿ. ಮಧ್ಯೆ ಬಹಳ ವರ್ಷ ಇಲ್ಲಿ ಆರ್‌ಟಿಒ ಆಫೀಸ್ ಇತ್ತು. ದೊಡ್ಡಪ್ಪ ಜೀಪಿನ ಕಾಗದಪತ್ರಕ್ಕೆ ಇದೇ ಮೆಟ್ಟಿಲು ಹತ್ತಿ ಇಳಿದವರಂತೆ. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಬಂದು ಮ್ಯೂಸಿಯಂ ಉದ್ಘಾಟಿಸಿದರು. ಹೆಂಚು, ಜಗಲಿ, ಕೋಣೆಯಿಂದ ಕೋಣೆಗೆ ದಾಟುವ ಬಾಗಿಲು, ಹೀಗೆ ಮನೆ ಮನೆಯಾಗಿಯೇ ಉಳಿದಿರುವುದು ನನಗೆ ತುಂಬಾ ಇಷ್ಟವಾಯಿತು.

ಅಂಗಳದಲ್ಲಿ ಟಿ-55 ಟ್ಯಾಂಕ್ ನಿಂತಿದೆ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ದೊಡ್ಡಪ್ಪ ಕೊಡೆಯನ್ನು ಹೆಗಲಿಗೆ ಒರಗಿಸಿಕೊಂಡು ಬಗ್ಗಿ ಅದರ ಚೈನ್ ನೋಡಿದರು. ಒದ್ದೆ ಕಬ್ಬಿಣದ ಮೇಲೆ ಒಂದು ಬೆರಳು ಆಡಿಸಿದರು. 'ಮೂವತ್ತಾರು ಟನ್, ಮಗ. ಇದು ದಾಟೋ ಹಾಗೆ ಸೇತುವೆ ಹಾಕ್ಬೇಕಿತ್ತು ನಾವು. ರಾತ್ರಿ ಹೊತ್ತು, ಟಾರ್ಚ್ ಇಲ್ದೆ.' ಐವತ್ತು ವರ್ಷದಲ್ಲಿ ನಮ್ಮ ಮನೆಯವರು ಯಾರೂ ಕೇಳಿರದ ಮಾತು ಅದು.

ಒಳಗೆ ಕೋಣೆಯಿಂದ ಕೋಣೆಗೆ ಹೋದ ಹಾಗೆ ತಿಮ್ಮಯ್ಯನವರ ಬದುಕು ಬೆಳೆಯುತ್ತಾ ಹೋಗುತ್ತದೆ. ಬಾಲ್ಯ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಕಾಲೇಜು, 1926ರಲ್ಲಿ ಸೇನಾಧಿಕಾರಿಯಾಗಿ ಕಮಿಷನ್. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್, ಅಲ್ಲಿಯ ಹೋರಾಟಕ್ಕೆ ಬ್ರಿಟಿಷರ ಡಿಎಸ್‌ಒ ಪದಕ. ಆ ಯುದ್ಧದಲ್ಲಿ ರಣರಂಗದಲ್ಲೇ ಒಂದು ಬ್ರಿಗೇಡನ್ನು ಮುನ್ನಡೆಸಿದ ಭಾರತೀಯ ಅಂದರೆ ಇವರೊಬ್ಬರೇ. ನಾನು ಶಾಲೆಯಲ್ಲಿ 'ಕೊಡಗಿನ ವೀರ ತಿಮ್ಮಯ್ಯ' ಅಂತ ಭಾಷಣ ಮಾಡಿ ಬಹುಮಾನ ತಗೊಂಡಿದ್ದೆ, ಆದರೆ ಇದೊಂದೂ ಆಗ ಗೊತ್ತಿರಲಿಲ್ಲ.

ಕಾಶ್ಮೀರದ ಭಾಗಕ್ಕೆ ಬಂದಾಗ ದೊಡ್ಡಪ್ಪ ನಿಂತೇಬಿಟ್ಟರು. 1948ರ ಕಥೆ. ಲೇಹ್ ಕಡೆಗೆ ಹೋಗುವ ದಾರಿಯಲ್ಲಿ ಜೋಜಿಲಾ ಕಣಿವೆ ಶತ್ರುಗಳ ಕೈಯಲ್ಲಿತ್ತು. ಹತ್ತಿರ ಹತ್ತಿರ ಹನ್ನೊಂದೂವರೆ ಸಾವಿರ ಅಡಿ ಎತ್ತರ, ಹೇಸರಗತ್ತೆ ಓಡಾಡುವಷ್ಟೇ ದಾರಿ. ಅಲ್ಲಿಗೆ ಟ್ಯಾಂಕ್ ಹತ್ತಿಸೋಣ ಅಂತ ತೀರ್ಮಾನ ಮಾಡಿದವರು ತಿಮ್ಮಯ್ಯ. ಜಮ್ಮುವಿನಿಂದ ಬರುವ ದಾರಿಯ ಸೇತುವೆಗಳು ಭಾರ ತಡೆಯಬೇಕಲ್ವಾ, ಅದಕ್ಕೆ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರ ಬಿಚ್ಚಿ ಬೇರೆ ಮಾಡಿ, ಯಾರಿಗೂ ಗೊತ್ತಾಗದ ಹಾಗೆ ಶ್ರೀನಗರಕ್ಕೆ ತಂದರು. ನವೆಂಬರ್ 1ರಂದು ಹಿಮ ಬೀಳುತ್ತಿರುವಾಗಲೇ 7ನೇ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಡಿವಿಷನ್ನಿನ ಕಮಾಂಡರ್ ಆಗಿದ್ದ ಇವರು ಹಿಂದೆ ಕೂತು ಮ್ಯಾಪ್ ನೋಡಬಹುದಿತ್ತು. ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು.

'ಆ ದಾರಿ ಅಗಲ ಮಾಡಿದ್ದು ಯಾರು ಗೊತ್ತಾ? ನಮ್ಮವರು. ಮದ್ರಾಸ್ ಸ್ಯಾಪರ್ಸ್' ಅಂದರು ದೊಡ್ಡಪ್ಪ. ಸ್ವಲ್ಪ ಜೋರಾಗಿಯೇ. ಪಕ್ಕದಲ್ಲಿ ಹಾಸನದ ಕಡೆಯಿಂದ ಬಂದಿದ್ದ ಇಬ್ಬರು ಹುಡುಗರು ತಿರುಗಿ ನೋಡಿದರು. 'ಅಜ್ಜ, ನೀವು ಟ್ಯಾಂಕ್ ಓಡಿಸ್ತಿದ್ರಾ?' 'ಇಲ್ಲಪ್ಪ. ಟ್ಯಾಂಕಿಗೆ ದಾರಿ ಮಾಡಿಕೊಡ್ತಿದ್ದೆ.' ಆಮೇಲೆ ಅರ್ಧ ಗಂಟೆ ಆ ಹುಡುಗರು ದೊಡ್ಡಪ್ಪನ ಹಿಂದೆಯೇ ಇದ್ದರು, ಅವರ ಅಪ್ಪ ಅಮ್ಮ ಕೂಡ.

ಬಂದೂಕು, ಆಯುಧ ನೋಡುವುದಕ್ಕೆ ಅಂತಲೇ ಬರುವವರು ಹದಿನೈದು ನಿಮಿಷದಲ್ಲಿ ಹೊರಗೆ ಹೋಗುತ್ತಾರೆ. ಹಾಗೆ ಮಾಡಬೇಡಿ. ನನ್ನ ಮಟ್ಟಿಗೆ ತಿಮ್ಮಯ್ಯ ಎಂಥವರು ಅಂತ ಅರ್ಥವಾಗಿದ್ದು ಗುಂಡು ಹಾರಿಸದ ಕಡೆಯಲ್ಲಿ. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ, ತಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ ಅಂತ ಕೂತಿದ್ದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಇವರು ಅಧ್ಯಕ್ಷರಾಗಿದ್ದ ಆಯೋಗದ ಮೇಲೆ ಬಿತ್ತು. ಎರಡೂ ಕಡೆಯವರಿಗೂ ಇವರ ಮೇಲೆ ಅನುಮಾನ. ಶಿಬಿರದೊಳಗೆ ಗಲಾಟೆ. ಅಷ್ಟು ಜನರನ್ನು ತಾಳ್ಮೆಯಿಂದ ನಿಭಾಯಿಸುವುದು ಜೋಜಿಲಾ ಹತ್ತಿದ್ದಕ್ಕಿಂತ ಸುಲಭ ಅಂತ ನನಗೆ ಅನ್ನಿಸಲಿಲ್ಲ. 1954ರಲ್ಲಿ ಪದ್ಮಭೂಷಣ ಬಂತು, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದರು. ನಿವೃತ್ತಿಯಾದ ಮೇಲೂ ವಿಶ್ವಸಂಸ್ಥೆ ಕರೆಯಿತು ಅಂತ ಸೈಪ್ರಸ್‌ಗೆ ಹೋದರು. ಅಲ್ಲಿಯ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿದ್ದಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಆಗ ಅರವತ್ತೂ ತುಂಬಿರಲಿಲ್ಲ. ಮುಂದಿನ ವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಎಲ್ಲಿಯ ಮಡಿಕೇರಿ, ಎಲ್ಲಿಯ ಸೈಪ್ರಸ್!

ಹೋಗುವವರಿಗೆ ಎರಡು ಮಾತು. ಒಂದೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ಮಕ್ಕಳಿಗೆ ಮೊದಲೇ ಟ್ಯಾಂಕ್ ತೋರಿಸಿಬಿಡಿ, ಇಲ್ಲಾಂದ್ರೆ ಒಳಗೆ ನಿಲ್ಲುವುದೇ ಇಲ್ಲ. ವಯಸ್ಸಾದವರ ಜೊತೆ ಹೋದರೆ ಅವಸರ ಮಾಡಬೇಡಿ, ಅವರು ನಿಂತಲ್ಲಿ ನೀವೂ ನಿಲ್ಲಿ. ಕೊಡಗಿನಲ್ಲಿ ಮಿಲಿಟರಿಗೆ ಹೋದವರಿಲ್ಲದ ಊರು ಹುಡುಕಿದರೂ ಸಿಗಲಿಕ್ಕಿಲ್ಲ. ಅವರಲ್ಲಿ ಎಷ್ಟು ಜನರನ್ನು ನಾವು ಕೂರಿಸಿಕೊಂಡು ಕೇಳಿದ್ದೇವೆ? ಮ್ಯೂಸಿಯಂಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಐದು ಅಂಕ.

ಹೊರಗೆ ಬರುವಾಗ ಆವರಣದ ಯುದ್ಧ ಸ್ಮಾರಕದ ಎದುರು ದೊಡ್ಡಪ್ಪ ಕೊಡೆ ಮಡಚಿ ನನ್ನ ಕೈಗೆ ಕೊಟ್ಟರು. ಮಳೆ ಹನಿಯುತ್ತಿತ್ತು. ಸೆಲ್ಯೂಟ್ ಮಾಡಿದರು, ಮೊಣಕೈ ಸ್ವಲ್ಪವೂ ಅಲುಗಲಿಲ್ಲ. ಮಾದಾಪುರ ದಾಟುವವರೆಗೂ ಕಾರಿನಲ್ಲಿ ಮಾತಾಡಲಿಲ್ಲ.

ಅವತ್ತು ರಾತ್ರಿ ಬೀರು ತೆಗೆದು ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ಪದಕಗಳನ್ನು ಊಟದ ಟೇಬಲ್ ಮೇಲೆ ಹರಡಿದರು. 1971ರಲ್ಲಿ ಪೂರ್ವದ ಗಡಿಯಲ್ಲಿದ್ದವರಿಗೆ ಕೊಟ್ಟ ಪೂರ್ವಿ ಸ್ಟಾರ್ ಪದಕ ಕಪ್ಪಾಗಿದೆ, ಅದರ ರಿಬ್ಬನ್ ಅಂಚು ಹುಳ ತಿಂದು ಹೋಗಿದೆ. 'ಇದಕ್ಕೊಂದು ಹೊಸ ರಿಬ್ಬನ್ ಸಿಗುತ್ತಾ ನೋಡು ಮಗ' ಅಂದಿದ್ದಾರೆ. ಮಡಿಕೇರಿ, ಕುಶಾಲನಗರ, ಮೈಸೂರಲ್ಲಿ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಹುತ್ತರಿ ಹಬ್ಬದೊಳಗೆ ಬೇಕು, ಮೊಮ್ಮಕ್ಕಳು ಬರುತ್ತಾರೆ.