ಸಿಸಿಟಿವಿ ವೈರ್ ಹಾಕಿದ ಪಿಎಸ್2 ಕೇಬಲ್: ಮೂರು ವರ್ಷದ ಬಳಕೆ

ಎಲ್‌ಸಿಡಿ ಟಿವಿ ಮನೆಗೆ ಬಂದ ದಿನವೇ ನನ್ನ ಪಿಎಸ್2 (ಪ್ಲೇಸ್ಟೇಷನ್ 2 ಗೇಮ್ ಕನ್ಸೋಲ್) ಮಂಕಾಯಿತು. ಹಳೇ ಡಬ್ಬಾ ಟಿವಿಯಲ್ಲಿ ಸಲೀಸಾಗಿ ಓದುತ್ತಿದ್ದ ಕ್ರಿಕೆಟ್ ಆಟದ ಸ್ಕೋರು 32 ಇಂಚಿನಲ್ಲಿ ಕಲಸಿಹೋಗಿತ್ತು. ಅಕ್ಷರಗಳ ಅಂಚಿನಲ್ಲಿ ಇರುವೆ ಸಾಲು ಹರಿದ ಹಾಗೆ ಚುಕ್ಕಿಗಳು.

ತಪ್ಪು ಕನ್ಸೋಲಿನಿಂದ ಟಿವಿಗೆ ಚಿತ್ರ ತರುವ ಮಾಮೂಲಿ ಕೇಬಲ್‌ನ ಹಳದಿ ಪಿನ್ನಿನದು. ಬೆಳಕು, ಬಣ್ಣ ಎರಡೂ ಅದರಲ್ಲಿ ಒಂದೇ ತಂತಿಯಲ್ಲಿ ಬರುತ್ತವೆ. ಟಿವಿ ಅದನ್ನು ಬಿಡಿಸಿಕೊಳ್ಳಬೇಕು. ನಮ್ಮೂರ ಮಂಡಕ್ಕಿಗೆ ಖಾರ ಕಲಸಿ, ಈಗ ಬೇರೆ ಮಾಡು ಅಂದ ಹಾಗೆ. ಕಾಂಪೊನೆಂಟ್ ಕೇಬಲ್‌ನಲ್ಲಿ ಈ ರಗಳೆ ಇಲ್ಲ. ಹಸಿರಿನಲ್ಲಿ ಬೆಳಕು, ನೀಲಿ ಮತ್ತು ಕೆಂಪಿನಲ್ಲಿ ಬಣ್ಣ. ಹಸಿರೊಂದನ್ನೇ ಚುಚ್ಚಿ ನೋಡಿ, ಕಪ್ಪು ಬಿಳುಪು ಚಿತ್ರ ಬರುತ್ತದೆ!

350 ರೂಪಾಯಿಗೆ ಒಂದು ತಂದೆ. ಹಳದಿ ಪಿನ್ ಇರುವಾಗಲೇ ಮೆನುವಿನಲ್ಲಿ ಕಾಂಪೊನೆಂಟ್ ವಿಡಿಯೋ ಔಟ್ ನೋಡಿಕೊಳ್ಳಿ. ನನ್ನದರಲ್ಲಿ ಅದು ಆರ್‌ಜಿಬಿಯಲ್ಲಿತ್ತು (ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ಕಳಿಸುವ ಬಗೆ), ಹಾಗೇ ಬಿಟ್ಟರೆ ಚಿತ್ರ ಸರಿಯಾಗಿ ಬರುವುದಿಲ್ಲ. ಬದಲಿಸಿದ ಮೇಲೆ ಇರುವೆಗಳು ಮಾಯ. ಆದರೆ ಪ್ರತಿ ಅಕ್ಷರದ ಬಲಕ್ಕೆ ತೆಳು ನೆರಳು, ಸ್ಪೀಕರಿನಲ್ಲಿ ಗುಂಯ್ ಶಬ್ದ.

ಕೊಯ್ದು ನೋಡಿದೆ. ಕೂದಲಿನಂಥ ಐದು ತಂತಿ. ಹೊರಗಿನ ಗದ್ದಲ ತಡೆಯುವ ಹೊದಿಕೆ, ಅಂದರೆ ಶೀಲ್ಡ್ ಇಲ್ಲ, ಸಿಗ್ನಲ್ ಹಿಂದಿರುಗುವ ಗ್ರೌಂಡ್ ತಂತಿ ಎಲ್ಲಕ್ಕೂ ಸೇರಿ ಒಂದೇ. ಅಶೋಕ ರಸ್ತೆಗೆ ಹೋಗಿ ಸಿಸಿಟಿವಿಯವರು ಬಳಸುವ ತ್ರೀ ಪ್ಲಸ್ ಒನ್ ವೈರ್ (ಮೂರು ಸಾದಾ ತಂತಿ, ಒಂದು ಕೋಆಕ್ಸ್) ತಂದೆ. ಅದರೊಳಗಿನ ಸಣ್ಣ ಕೋಆಕ್ಸ್, ಅಂದರೆ ನಡುವಿನ ತಂತಿಯ ಸುತ್ತ ಹೆಣಿಗೆಯ ಶೀಲ್ಡ್ ಇರುವ ವೈರು, 75 ಓಮ್‌ನದು, ವಿಡಿಯೋಗೆ ಬೇಕಾದದ್ದು ಅದೇ. ಕನ್ಸೋಲ್ ಕಡೆಯ ಪ್ಲಗ್ ಮುಟ್ಟಲಿಲ್ಲ. ಅದರ 12 ಪಿನ್ ಇಕ್ಕಟ್ಟು, ನನ್ನ ಕೈಗಾಗುವ ಕೆಲಸವಲ್ಲ. ಹತ್ತು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಮೂರು ಬಣ್ಣಕ್ಕೂ ಬೇರೆ ಬೇರೆ ಕೋಆಕ್ಸ್ ಜೋಡಿಸಿದೆ.

ಮೊದಲ ಸಲ ಕೆಟ್ಟಿತು. ಅಗ್ಗದ ವೈರಿನ ಹೆಣಿಗೆ ಅಲ್ಯೂಮಿನಿಯಂ, ಅದಕ್ಕೆ ಬೆಸುಗೆ ಹಿಡಿಯಲೇ ಇಲ್ಲ. ಹಟಕ್ಕೆ ಬಿದ್ದು ಕಾಯಿಸುತ್ತಾ ಕೂತೆ, ಒಳಗಿನ ಪ್ಲಾಸ್ಟಿಕ್ ಕರಗಿ ಶಾರ್ಟ್ ಆಯಿತು. ಏಪ್ರಿಲ್ ಬೇರೆ, ಫ್ಯಾನ್ ಹಾಕಿದರೆ ಐರನ್ ತಣ್ಣಗಾಗುತ್ತಿತ್ತು. ಮರುದಿನ ತಾಮ್ರದ ಹೆಣಿಗೆಯದ್ದೇ ಕೇಳಿ ತಂದೆ, ಒಂದೇ ಗಂಟೆಯಲ್ಲಿ ಮುಗಿಯಿತು.

ನೆರಳು ಹೋಯಿತು. ಗುಂಯ್ ಕೂಡ ನಿಂತಿತು. ಅಷ್ಟೇ. ಬಣ್ಣ ಜಾಸ್ತಿಯಾಗಲಿಲ್ಲ, ಚಿತ್ರ ಎಚ್‌ಡಿಯೂ ಆಗಲಿಲ್ಲ. ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಎಂಟು ಪಾಲು ಸುಧಾರಣೆ ಹಳದಿ ಬಿಟ್ಟಾಗಲೇ ಆಗಿತ್ತು. ಅಂಗಡಿಯ ಕೇಬಲ್‌ನಲ್ಲಿ ನೆರಳಿಲ್ಲದಿದ್ದರೆ ಸುಮ್ನೆ ಕತ್ತರಿಸಬೇಡಿ.

ಮೂರು ವರ್ಷದಲ್ಲಿ ಒಂದೇ ರಿಪೇರಿ. ಹೊಸ ವೈರು ಬಿರುಸು, ನನ್ನ ಹಗುರ ಸ್ಲಿಮ್ ಪಿಎಸ್2 ಅನ್ನೇ ಹಿಂದಕ್ಕೆ ಎಳೆಯುತ್ತದೆ. ವರ್ಷದೊಳಗೆ ನೀಲಿಯ ಬೆಸುಗೆ ಬಿಟ್ಟು ಆಟದ ಕ್ರಿಕೆಟ್ ಪಿಚ್ಚೆಲ್ಲ ಬೇರೆ ಬಣ್ಣಕ್ಕೆ ತಿರುಗಿತ್ತು. ಈಗ ಜೋಡಣೆಯ ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ, ವೈರನ್ನು ಮೇಜಿನ ಕಾಲಿಗೆ ಕಟ್ಟಿದ್ದೇನೆ. ಹೋದ ತಿಂಗಳು ಹಾಲ್‌ಗೆ ತಂದ ಟಿವಿಯಲ್ಲಿ ಕಾಂಪೊನೆಂಟ್ ತೂತೇ ಇಲ್ಲ. ಹಾಗಾಗಿ 32 ಇಂಚು, ಪಿಎಸ್2, ಮೇಜು ಮೂರೂ ನನ್ನ ರೂಮಿಗೆ ಬಂದಿವೆ.