ಮೆಕಾಂಗ್ ಡೆಲ್ಟಾದಲ್ಲಿ ಒಂದು ದಿನದ ಖಾಸಗಿ ಪ್ರವಾಸ: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ವಿಯೆಟ್ನಾಮಿನ ಹೋ ಚಿ ಮಿನ್ ನಗರಕ್ಕೆ ಹೋದವರಿಗೆಲ್ಲ ಎರಡು ದಿನ ಕಳೆಯುವುದರೊಳಗೆ ಯಾರಾದರೊಬ್ಬರು ಮೆಕಾಂಗ್ ಡೆಲ್ಟಾದ ಪ್ರವಾಸವನ್ನು ಮಾರಿಯೇ ತೀರುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಗುಂಪಿನ ಬಸ್ಸಿನಲ್ಲಿ ಹೋದರೆ ತಲೆಗೆ ಸಾವಿರದೈನೂರು ರೂಪಾಯಿಗೂ ಕಡಿಮೆಗೆ ಸಿಗುತ್ತದೆ. ನಮ್ಮ ಮನೆಯವರಷ್ಟೇ ಇರುವ ಖಾಸಗಿ ಪ್ರವಾಸ ಬೇಕೆಂದರೆ ಅದರ ಏಳೆಂಟು ಪಟ್ಟು ಕೇಳುತ್ತಾರೆ. ನಾವು ತಲೆಗೆ 120 ಡಾಲರ್ ಕೊಟ್ಟೆವು. ಅಷ್ಟು ಕೊಟ್ಟಿದ್ದಕ್ಕೆ ಕಾರು ಮಾತ್ರ ನಮ್ಮದಾಯಿತು. ದೋಣಿ, ಗೈಡ್, ಊಟದ ಮೇಜು ಎಲ್ಲವನ್ನೂ ಆ ಅಗ್ಗದ ಬಸ್ಸಿನಲ್ಲಿ ಬಂದವರ ಜೊತೆಯೇ ಹಂಚಿಕೊಂಡೆವು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಮುಖ್ಯವಾಗಿ ಇದನ್ನು ಓದಬೇಕು, ಏಕೆಂದರೆ ಖಾಸಗಿ ಪ್ರವಾಸಕ್ಕೆ ಮರುಳಾಗುವವರು ಅವರೇ.

ಈ ಪ್ರವಾಸವನ್ನು ಆರಿಸಿಕೊಂಡದ್ದೇ ನನ್ನ ಮಾವನವರಿಗಾಗಿ. ಅವರು ತಿಪಟೂರು ಕಡೆಯವರು, ತೆಂಗಿನ ತೋಟದಲ್ಲೇ ಬೆಳೆದವರು. ಡೆಲ್ಟಾದ ಬೆನ್ ತ್ರೆ ಎಂಬುದು ವಿಯೆಟ್ನಾಮಿನ ತೆಂಗಿನ ಸೀಮೆ. 70 ಸಾವಿರ ಹೆಕ್ಟೇರಿಗೂ ಹೆಚ್ಚು ತೆಂಗು ಅಲ್ಲಿದೆ. ನಮ್ಮ ತೋಟಗಳನ್ನು ಒಣಗಿಸಿ ಹಾಕುವ ಕಪ್ಪುತಲೆ ಹುಳು 2020ರಲ್ಲಿ ಆ ಸೀಮೆಗೂ ಹೊಕ್ಕಿದೆ ಎಂದು ಅವರು ಓದಿಕೊಂಡಿದ್ದರು. ಅಲ್ಲಿನ ರೈತರು ಅದಕ್ಕೆ ಏನು ಮಾಡುತ್ತಿದ್ದಾರೆ ಎಂದು ಒಂದು ತೋಟದಲ್ಲಿ ಅಡ್ಡಾಡಿ ನೋಡಬೇಕು ಎಂಬುದಷ್ಟೇ ಅವರ ಆಸೆ. ಅತ್ತೆಯವರಿಗೆ ಮಂಡಿನೋವು, ಮೊಟ್ಟೆಯನ್ನೂ ಮುಟ್ಟುವವರಲ್ಲ. ಇದನ್ನೆಲ್ಲ ಬೆಂಗಳೂರಿನ ಏಜೆಂಟರಿಗೆ ಬರೆದು ತಿಳಿಸಿದೆವು. ಅವರು ಕಳುಹಿಸಿದ ಪಟ್ಟಿಯಲ್ಲಿ ಬೇಕಾದದ್ದೆಲ್ಲ ಇತ್ತು: ಬೆಳಿಗ್ಗೆ ಕಾಯ್ ಬೆ ತೇಲುವ ಮಾರುಕಟ್ಟೆ, ಆಮೇಲೆ ಬೆನ್ ತ್ರೆಯಲ್ಲಿ ರೈತರೊಬ್ಬರ ತೋಟ, ನಮಗಷ್ಟೇ ಮೀಸಲಾದ ದೋಣಿ ಮತ್ತು ಗೈಡ್, ಶುದ್ಧ ಸಸ್ಯಾಹಾರದ ಊಟ.

ಕಾರು ಹೋಟೆಲಿಗೆ ಬಂದದ್ದು ಎಂಟೂವರೆಗೆ. ದಾರಿಯಲ್ಲಿ ಒಂದು ಕರಕುಶಲ ಅಂಗಡಿಯ ಮುಂದೆ ಮುಕ್ಕಾಲು ಗಂಟೆ ನಿಂತಿತು, ‘ಶೌಚಾಲಯಕ್ಕೆ’ ಎಂಬ ನೆಪದಲ್ಲಿ. ಶೌಚಾಲಯಕ್ಕೆ ಹೋಗಬೇಕಾದರೂ ಹಿಂದಿರುಗಬೇಕಾದರೂ ಇಡೀ ಅಂಗಡಿಯನ್ನು ಹಾದೇ ನಡೆಯಬೇಕು, ಹಾಗೆ ಕಟ್ಟಿದ್ದಾರೆ. ಮತ್ತೆ ಕಾರು ಹತ್ತಿದ ಮೇಲೆ ಮಾರುಕಟ್ಟೆ ಯಾವಾಗ ಎಂದು ಕೇಳಿದೆ. ಇಂದು ನದಿಯ ಇಳಿತ ಜಾಸ್ತಿ, ಹಾಗಾಗಿ ಮಾರುಕಟ್ಟೆ ಇಲ್ಲ ಎಂದ ಗೈಡ್. ಮಾವನವರು ಹಿಂದಿನ ಸೀಟಿನಿಂದಲೇ, “ಇಳಿತ ದಿನವೂ ಬರುತ್ತದಲ್ಲಪ್ಪ, ಹಾಗಾದರೆ ವ್ಯಾಪಾರ ಯಾವತ್ತು ಮಾಡುತ್ತಾರಂತೆ ಕೇಳಿ” ಎಂದರು. ಕೇಳಿದೆ. ಗೈಡ್ ನಕ್ಕು ಮೊಬೈಲ್ ನೋಡಿಕೊಂಡ.

ತೇಲುವ ಮಾರುಕಟ್ಟೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಸುಳ್ಳು ಮಾರಾಟವಾಗುವುದು ಇಲ್ಲಿಯೇ. ಅದು ಸಗಟು ವ್ಯಾಪಾರದ ಜಾಗ. ದೋಣಿಯಲ್ಲಿ ಏನಿದೆಯೋ ಅದನ್ನೇ, ಅನಾನಸ್ಸೋ ಕುಂಬಳವೋ ಎಲೆಕೋಸೋ, ಉದ್ದನೆಯ ಗಳದ ತುದಿಗೆ ಕಟ್ಟಿ ಎತ್ತಿ ನಿಲ್ಲಿಸುತ್ತಾರೆ. ದೂರದಿಂದಲೇ ಕಂಡು ಕೊಳ್ಳುವವರು ಹತ್ತಿರ ಬರುತ್ತಾರೆ. ಈಗಲೂ ಹೆಸರಿಗೆ ತಕ್ಕಂತೆ ಉಳಿದಿರುವುದು ಕಾನ್ ಥೋ ನಗರದ ಹತ್ತಿರದ ಕಾಯ್ ರಾಂಗ್. ಬೆಳಕು ಹರಿಯುವ ಮೊದಲೇ ಶುರುವಾಗಿ ಎಂಟು ಒಂಬತ್ತು ಗಂಟೆಗೆಲ್ಲ ಚದುರಿಹೋಗುತ್ತದೆ. ಕಾನ್ ಥೋ ಹೋ ಚಿ ಮಿನ್ ನಗರದಿಂದ ಸುಮಾರು 170 ಕಿಲೋಮೀಟರ್, ಮೂರು ಗಂಟೆಗೂ ಮೇಲ್ಪಟ್ಟ ದಾರಿ. ಬೆಳಿಗ್ಗೆ ಎಂಟಕ್ಕೆ ಹೊರಟವರು ಅದನ್ನು ನೋಡುವುದು ಅಸಾಧ್ಯ. ಇನ್ನು ಹತ್ತಿರದ ಕಾಯ್ ಬೆ ಎಂದೋ ಸೊರಗಿಹೋಗಿದೆ. 2000ದಲ್ಲಿ ಮಿ ಥುವಾನ್ ಸೇತುವೆ, 2009ರಲ್ಲಿ ರಾಕ್ ಮಿಯು, 2010ರಲ್ಲಿ ಕಾನ್ ಥೋ ಸೇತುವೆ, ಹೀಗೆ ಒಂದರ ಹಿಂದೊಂದು ಬಂದು ಲಾರಿಗಳು ತೋಟದ ಬಾಗಿಲಿಗೇ ಹೋಗತೊಡಗಿದ ಮೇಲೆ ದೋಣಿಯಲ್ಲಿ ಹಣ್ಣು ತುಂಬಿಕೊಂಡು ನದಿಗೆ ಬರುವ ದರ್ದು ಯಾರಿಗಿದೆ? ಆದರೆ ಪ್ರವಾಸ ಮಾರುವವರ ಗೋಡೆಯ ಮೇಲೆ ದೋಣಿಗಳು ಇಕ್ಕಿರಿದ ಹಳೆಯ ಚಿತ್ರ ಇನ್ನೂ ತೂಗುತ್ತಿದೆ.

ಕಾರು ಬಂದು ನಿಂತದ್ದು ಮಿ ಥೋ ಪಟ್ಟಣದ ದೋಣಿ ಕಟ್ಟೆಯಲ್ಲಿ. ಸಾಲಾಗಿ ಬಸ್ಸುಗಳು. ನಮ್ಮ ಗೈಡ್ ಟಿಕೆಟ್ ಕೌಂಟರಿನಲ್ಲಿ ಏನೋ ಮಾತನಾಡಿ ಬಂದು, ಕೈಯಲ್ಲಿ ಬಾವುಟ ಹಿಡಿದಿದ್ದ ಇನ್ನೊಬ್ಬನಿಗೆ ನಮ್ಮನ್ನು ಒಪ್ಪಿಸಿದ. ಆತನ ಹಿಂದೆ ಆಗಲೇ ಇಪ್ಪತ್ತಕ್ಕೂ ಹೆಚ್ಚು ಜನ ನಿಂತಿದ್ದರು. ನಮ್ಮ ದೋಣಿ ಎಲ್ಲಿ ಎಂದರೆ, ಕಟ್ಟೆಯ ನಿಯಮ ಹಾಗಿದೆ, ದೋಣಿಗಳನ್ನು ಸಹಕಾರ ಸಂಘದವರೇ ಹಂಚುತ್ತಾರೆ ಎಂಬ ಉತ್ತರ. ಅದೇ ಹೊತ್ತಿನಲ್ಲಿ ನಮ್ಮ ಪಕ್ಕದಿಂದಲೇ ಇಬ್ಬರು ಫ್ರೆಂಚ್ ಪ್ರವಾಸಿಗರು ಒಂದು ಸಣ್ಣ ದೋಣಿಯನ್ನು ಚೌಕಾಶಿ ಮಾಡಿ ಹತ್ತಿ ಹೊರಟರು. ವಿಯೆಟ್ನಾಮಿನಲ್ಲಿ ಗೈಡ್ ಆಗಿ ಕೆಲಸ ಮಾಡುವವರಿಗೆ ಸರ್ಕಾರದ ಕಾರ್ಡ್ ಇರಬೇಕು, ಕೆಲಸದ ವೇಳೆ ಅದನ್ನು ಧರಿಸಿರಲೂ ಬೇಕು. ಬಾವುಟದವನ ಕೊರಳಲ್ಲಿ ಕಾರ್ಡ್ ಇತ್ತು. ನಮ್ಮ ‘ಸ್ವಂತ’ ಗೈಡಿನ ಕೊರಳು ಖಾಲಿ. ಸಂಜೆಯವರೆಗೂ ಆತ ಕಟ್ಟೆಯ ಎದುರಿನ ಕಾಫಿ ಅಂಗಡಿಯಲ್ಲೇ ಇದ್ದ.

ಮಿ ಥೋ ಎದುರಿಗೆ, ಮೆಕಾಂಗ್ ನದಿಯ ಕವಲಾದ ತಿಯೆನ್ ನದಿಯ ನಡುವೆ ನಾಲ್ಕು ದ್ವೀಪಗಳಿವೆ. ಡ್ರ್ಯಾಗನ್, ಯುನಿಕಾರ್ನ್, ಆಮೆ, ಫೀನಿಕ್ಸ್ ಎಂದು ಹೆಸರು. ನದಿ ಅಲ್ಲಿ ಸಮುದ್ರದಷ್ಟು ಅಗಲ, ಕೆಸರಿನ ಬಣ್ಣ, ನೋಡುತ್ತ ಕೂರಲು ಚೆನ್ನಾಗಿಯೇ ಇದೆ. ಕೂರಲು ಬಿಟ್ಟರೆ ತಾನೆ? ಮೊದಲು ಜೇನು ಚಹಾದ ಜಗಲಿ. ಕೂತೊಡನೆ ಜೇನು, ಹುಳಿ ಹಣ್ಣಿನ ರಸ ಬೆರೆಸಿದ ಚಹಾ ಬರುತ್ತದೆ, ಜೇನುಹುಳುಗಳು ಮುತ್ತಿದ ಒಂದು ಚೌಕಟ್ಟನ್ನು ಕೈಗೆ ಕೊಟ್ಟು ಫೋಟೋ ತೆಗೆಯುತ್ತಾರೆ, ಬೇಡವೆನ್ನುವಷ್ಟರಲ್ಲಿ ಒಬ್ಬ ಹೆಬ್ಬಾವು ಹೊತ್ತು ಬರುತ್ತಾನೆ, ಆಮೇಲೆ ಜೇನಿನ ಬಾಟಲಿಗಳ ತಟ್ಟೆ. ಮುಂದಿನದು ತೆಂಗಿನ ಮಿಠಾಯಿ ಮಾಡುವ ಜಾಗ. ಅದರ ಕೊನೆಗೂ ಕೌಂಟರ್. ಆಮೇಲೆ ಹಣ್ಣು ಮತ್ತು ಹಾಡು. ಎಲ್ಲ ಕಡೆಯೂ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಯವರು ಬೆನ್ನ ಹಿಂದೆ ಬಂದು ನಿಲ್ಲುತ್ತಾರಲ್ಲ, ಹಾಗೆ ಇನ್ನೊಂದು ಬಾವುಟದವರು ನಮ್ಮ ಕುರ್ಚಿಗಾಗಿ ಕಾಯುತ್ತಿರುತ್ತಾರೆ. ಅತ್ತೆಯವರು ಮಂಡಿ ಹಿಡಿದುಕೊಂಡು ಏಳುವಷ್ಟರಲ್ಲಿ ಬಾವುಟ ಮರೆಯಾಗಿರುತ್ತಿತ್ತು.

ನನಗೆ ಹೆಚ್ಚು ಬೇಸರವಾದದ್ದು ಆ ಹಾಡಿನ ಬಗ್ಗೆ. ದಕ್ಷಿಣ ವಿಯೆಟ್ನಾಮಿನ ‘ದೋನ್ ಕಾ ತಾಯ್ ತು’ ಸಂಗೀತವನ್ನು ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಧಾನದ, ಸ್ವರವನ್ನು ಎಳೆದು ಬಾಗಿಸುವ ಹಾಡುಗಾರಿಕೆ. ನುಡಿಸುತ್ತಿದ್ದ ಮುದುಕರ ಕೈ ನಿಜಕ್ಕೂ ಪಳಗಿದ ಕೈ. ಆದರೆ ಪ್ರತಿ ಗುಂಪಿಗೂ ಹತ್ತು ನಿಮಿಷ, ಕೊನೆಯಲ್ಲಿ ಒಂದು ಇಂಗ್ಲಿಷ್ ಶಿಶುಗೀತೆಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು, ಕೂಡಲೇ ದುಡ್ಡಿನ ಬುಟ್ಟಿ. ಅವರನ್ನು ದೂರುವಂತಿಲ್ಲ, ನಾವು ಕೊಟ್ಟ 120 ಡಾಲರಿನಲ್ಲಿ ಅವರಿಗೆ ಏನು ಸಿಕ್ಕಿತ್ತೋ ದೇವರೇ ಬಲ್ಲ.

ಕಾಲುವೆಯಲ್ಲಿ ಹುಟ್ಟು ಹಾಕುವ ಸಣ್ಣ ದೋಣಿಗೆ ನಾಲ್ಕು ಜನ. ಅದೊಂದರಲ್ಲಿ ಮಾತ್ರ ನಾವು ನಾಲ್ವರೇ ಕೂತಿದ್ದೆವು ಎನ್ನಬಹುದು. ಎರಡೂ ದಡದಿಂದ ಗರಿಗಳು ಕಮಾನಾಗಿ ಬಾಗಿದ್ದವು. ಇದೇ ಬೆನ್ ತ್ರೆಯ ತೆಂಗಿನ ಕಾಡು ಎಂದು ದೋಣಿ ಹತ್ತಿಸುವಾಗ ಬಾವುಟದವನು ಹೇಳಿದ್ದ. ಮಾವನವರು ಕೈ ಚಾಚಿ ಒಂದು ಗರಿಯನ್ನು ಮುಟ್ಟಿ ನೋಡಿ, “ಅಳಿಯಂದಿರೇ, ಇದು ತೆಂಗಲ್ಲ. ಕಾಂಡವೇ ಇಲ್ಲ ನೋಡಿ, ಗರಿ ನೇರ ಕೆಸರಿನಿಂದಲೇ ಎದ್ದಿದೆ” ಎಂದರು. ಅವರ ಮಾತು ಸರಿ. ಅದು ನಿಪಾ ತಾಳೆ. ಕಾಂಡ ಕೆಸರಿನೊಳಗೇ ಅಡ್ಡಡ್ಡ ಹರಿಯುತ್ತದೆ, ಕಾಯಿಗಳು ಫುಟ್‌ಬಾಲ್ ಗಾತ್ರದ ಗೊಂಚಲಾಗಿ ನೀರಿನ ಮಟ್ಟದಲ್ಲೇ ಇರುತ್ತವೆ. ಇಡೀ ದಿನದಲ್ಲಿ ಮಾವನವರಿಗೆ ತೆಂಗಿನ ತೋಟವೆಂದು ತೋರಿಸಿದ್ದು ಇದನ್ನೇ. ದೋಣಿ ಇಳಿಯುವಾಗ ಹುಟ್ಟು ಹಾಕಿದಾಕೆ ಭಕ್ಷೀಸು ಕೇಳಿದಳು, ಕೊಟ್ಟೆವು. ಇಲ್ಲೊಂದು ಮಾತು: 20 ಸಾವಿರ ಡಾಂಗ್ ನೋಟೂ 5 ಲಕ್ಷದ ನೋಟೂ ಎರಡೂ ನೀಲಿ ಬಣ್ಣದವು. ಅಲುಗಾಡುವ ದೋಣಿಯಲ್ಲಿ ಒಂದರ ಬದಲು ಇನ್ನೊಂದು ಹೋದರೆ ಎಪ್ಪತ್ತು ರೂಪಾಯಿ ಕೊಡುವ ಕಡೆ ಸಾವಿರದೇಳುನೂರು ಹೋಗುತ್ತದೆ. ಬೇರೆ ಬೇರೆ ಜೇಬಿನಲ್ಲಿಡಿ.

ಊಟಕ್ಕೆ ಉದ್ದನೆಯ ಮೇಜು. ಅಲ್ಲಿನ ವಿಶೇಷವೆಂದರೆ ಆನೆಕಿವಿ ಮೀನು. ಇಡೀ ಮೀನನ್ನು ಗರಿಗರಿಯಾಗಿ ಕರಿದು, ಮರದ ಚೌಕಟ್ಟಿಗೆ ಸಿಕ್ಕಿಸಿ, ತಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ ತರುತ್ತಾರೆ. ತಿನ್ನುವವರಿಗೆ ಸೊಗಸೇ ಇರಬೇಕು. ಅದನ್ನು ತಂದು ನಿಲ್ಲಿಸಿದ್ದು ಅತ್ತೆಯವರ ಎದುರಿಗೆ. ಸಸ್ಯಾಹಾರ ಎಂದಾಗ ಮೊದಲು ಆಮ್ಲೆಟ್ ಬಂತು. ಅದನ್ನೂ ಬೇಡವೆಂದ ಮೇಲೆ ಹುರಿದ ಸೊಪ್ಪು ಬಂತು. ಮೂಗಿಗೆ ಹಿಡಿದರೇ ಮೀನಿನ ಸಾಸಿನ ವಾಸನೆ. ಕೊನೆಗೆ ಬರಿಯ ಅನ್ನಕ್ಕೆ ಮನೆಯಿಂದ ತಂದಿದ್ದ ಚಟ್ನಿಪುಡಿ ಕಲಸಿಕೊಂಡು ಅತ್ತೆಯವರು ಊಟ ಮುಗಿಸಿದರು. ಆ ದೇಶದಲ್ಲಿ ಶುದ್ಧ ಸಸ್ಯಾಹಾರ ಸಿಗದ ಮಾತೇ ಅಲ್ಲ. ಬೌದ್ಧರು ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಮಾಂಸ ಬಿಡುತ್ತಾರೆ. ‘ಚಾಯ್’, ಅಂದರೆ ಸಸ್ಯಾಹಾರ, ಎಂಬ ಫಲಕ ಹಾಕಿದ ಹೋಟೆಲುಗಳು ಸಣ್ಣ ಊರುಗಳಲ್ಲೂ ಇವೆ. ಬೆಂಗಳೂರಿನಿಂದ ನಾವು ಬರೆದದ್ದು ಆ ದ್ವೀಪದ ಅಡುಗೆಮನೆಯನ್ನು ಮುಟ್ಟಿರಲೇ ಇಲ್ಲ, ಅಷ್ಟೇ.

ಸಂಜೆ ಫೋನು ಮಾಡಿದಾಗ ಇದೆಲ್ಲ ಹೇಗೆ ನಡೆಯುತ್ತದೆ ಎಂಬುದು ತಿಳಿಯಿತು. ಬೆಂಗಳೂರಿನವರು ಪ್ರವಾಸವನ್ನು ಹೋ ಚಿ ಮಿನ್ ನಗರದ ಒಂದು ಕಚೇರಿಗೆ ಕೊಡುತ್ತಾರೆ. ಆ ಕಚೇರಿ ಕಾರು ಗೊತ್ತು ಮಾಡಿ, ದ್ವೀಪದ ಭಾಗವನ್ನು ಮಿ ಥೋದ ದೋಣಿಯವರಿಗೆ ಕೊಡುತ್ತದೆ. ಒಬ್ಬೊಬ್ಬರೂ ತಮ್ಮ ಪಾಲು ಮುರಿದುಕೊಂಡ ಮೇಲೆ ಕೊನೆಯವನ ಕೈಗೆ ಹೋಗುವುದು ಗುಂಪಿನ ಟಿಕೆಟ್ಟಿನ ದುಡ್ಡು. ಅವನು ಗುಂಪಿನಲ್ಲೇ ಕೂರಿಸುತ್ತಾನೆ. ಬೆಂಗಳೂರಿನವರು ಅಲ್ಲಿಯವರತ್ತ ಬೆರಳು ತೋರಿಸಿದರು, ಅಲ್ಲಿಯವರು ಕಟ್ಟೆಯವರತ್ತ. ‘ಕಾರು ಖಾಸಗಿಯಾಗಿಯೇ ಇತ್ತಲ್ಲ’ ಎಂದು ವಾದಿಸಿದರು. ಬಹಳ ಜಗ್ಗಾಡಿದ ಮೇಲೆ ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೊಡುತ್ತೇವೆ ಎಂದರು. ಮುಂದಿನ ಪ್ರವಾಸ! ದುಡ್ಡು ಮಾತ್ರ ಇಂದಿಗೂ ಹಿಂದಿರುಗಿಲ್ಲ.

ಹಾಗಾಗಿ ದುಡ್ಡು ಕಟ್ಟುವ ಮೊದಲು ಬರವಣಿಗೆಯಲ್ಲಿ ಕೇಳಬೇಕಾದದ್ದು ಕೆಲವಿದೆ. ದೋಣಿ ಹತ್ತುವುದು ಯಾವ ಕಟ್ಟೆಯಲ್ಲಿ, ಅದರಲ್ಲಿ ನಮ್ಮ ಹೊರತು ಯಾರಾದರೂ ಇರುತ್ತಾರೆಯೇ ಎಂದು ನೇರವಾಗಿ ಕೇಳಿ. ‘ಎಲ್ಲವೂ ಖಾಸಗಿ’ ಎಂಬ ಉತ್ತರಕ್ಕೆ ಬೆಲೆಯಿಲ್ಲ. ಕಾರಿನಲ್ಲಿ ಬರುವ ಗೈಡೇ ದೋಣಿಯಲ್ಲೂ ಇರುತ್ತಾನೆಯೇ, ಅವನ ಕಾರ್ಡಿನ ಫೋಟೋ ಹಿಂದಿನ ದಿನವೇ ಕಳುಹಿಸುತ್ತೀರಾ ಎಂದು ಕೇಳಿ. ತೇಲುವ ಮಾರುಕಟ್ಟೆ ಎಂದವರನ್ನು ಯಾವುದು, ಎಷ್ಟು ಗಂಟೆಗೆ ಎಂದು ಹಿಡಿದು ನಿಲ್ಲಿಸಿ. ಊಟ ಎಲ್ಲಿ ಎಂಬ ಹೋಟೆಲಿನ ಹೆಸರು ಪಡೆದು, ಆ ಹೋಟೆಲಿಗೇ ನೇರ ಸಂದೇಶ ಕಳುಹಿಸಿ. ಅಂಗಡಿಗಳಿಗೆ ಕಾರು ನಿಲ್ಲಿಸಕೂಡದು ಎಂಬ ಒಂದು ಸಾಲನ್ನೂ ಒಪ್ಪಂದದಲ್ಲಿ ಸೇರಿಸಿ. ಪೂರ್ತಿ ಹಣವನ್ನು ನಗದಾಗಿ ಮುಂಗಡ ಕೇಳುವವರನ್ನು ಅಲ್ಲಿಗೇ ಬಿಡಿ. ಇಷ್ಟು ಕೇಳಿದ ಮೇಲೂ ಒಪ್ಪಿಕೊಳ್ಳುವ ಒಳ್ಳೆಯ ಗೈಡುಗಳು ಇದ್ದಾರೆ. ಮಾರುಕಟ್ಟೆ ನೋಡಲೇಬೇಕು ಎನ್ನುವವರು ಕಾನ್ ಥೋದಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ಜಾವ ನಿನ್ ಕಿಯೆವ್ ಕಟ್ಟೆಯಿಂದ ಸಣ್ಣ ದೋಣಿ ಮಾಡಿಕೊಂಡು ಹೋಗಬೇಕು. ಅದಕ್ಕೆ ಒಂದು ದಿನದ ದಾರಿ ಇಲ್ಲ.

ಮಾವನವರು ಅಷ್ಟಕ್ಕೆ ಬಿಡಲಿಲ್ಲ. ಅತ್ತೆಯವರೂ ನನ್ನ ಹೆಂಡತಿಯೂ ಹೋಟೆಲಿನಲ್ಲಿ ಉಳಿದರು. ನಾವಿಬ್ಬರು ಊರಿನ ಪಶ್ಚಿಮದ ಬಸ್ ನಿಲ್ದಾಣದಿಂದ ಬೆನ್ ತ್ರೆಗೆ ಬಸ್ ಹತ್ತಿದೆವು. ಟಿಕೆಟ್ಟು ಒಂದು ಲಕ್ಷ ಡಾಂಗ್ ಆಸುಪಾಸು, ಅಂದರೆ ನಮ್ಮ ಸುಮಾರು 340 ರೂಪಾಯಿ. ಎರಡು ಗಂಟೆಯ ದಾರಿ. ಅಲ್ಲಿ ಟ್ಯಾಕ್ಸಿಯವನಿಗೆ ಮೊಬೈಲಿನ ಅನುವಾದದಲ್ಲಿ ತೆಂಗಿನ ತೋಟ ಎಂದು ತೋರಿಸಿದೆವು. ಅವನು ತನ್ನ ನೆಂಟರ ತೋಟಕ್ಕೇ ಕರೆದುಕೊಂಡು ಹೋದ. ಏರು ಮಡಿಗಳ ಮೇಲೆ ಮರಗಳು, ನಡುನಡುವೆ ನೀರು ತುಂಬಿದ ಕಂದಕ, ಕಂದಕದಲ್ಲಿ ಮೀನು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಸಿಪ್ಪೆ ಬಿಡಿಸುತ್ತಿದ್ದವನ ಪಕ್ಕದಲ್ಲಿ ನಿಂತು ಮಾವನವರು ತಾವೂ ನಾಲ್ಕು ಕಾಯಿ ಸುಲಿದರು. ಹುಳು ತಿಂದ ಗರಿಯೊಂದನ್ನು ತೋಟದವನು ಎಳೆದು ತಿರುಗಿಸಿ ತೋರಿಸಿದ. ಹಿಕ್ಕೆಯ ಅದೇ ಕಂದು ಕೊಳವೆ, ಒಳಗೆ ಅದೇ ಹುಳು. ಸರ್ಕಾರದವರು ಪರಾವಲಂಬಿ ಕಣಜ ತಂದು ಬಿಟ್ಟಿದ್ದಾರೆ ಎಂದು ಮೊಬೈಲಿನಲ್ಲಿ ಬರೆದು ತೋರಿಸಿದ. ನಮ್ಮಲ್ಲೂ ಅದೇ ಮಾಡುತ್ತಾರೆ ಎಂದು ಮಾವನವರು ಕನ್ನಡದಲ್ಲೇ ಹೇಳಿದರು. ಎಳನೀರಿಗೆ ದುಡ್ಡು ಕೊಡಹೋದರೆ ಆತ ತೆಗೆದುಕೊಳ್ಳಲಿಲ್ಲ.

ಇನ್ನೊಂದು ವಿಷಯ ನೆನಪಿರಲಿ. 2025ರ ಜುಲೈ 1ರಿಂದ ಅಲ್ಲಿನ ಪ್ರಾಂತ್ಯಗಳನ್ನು ಒಗ್ಗೂಡಿಸಿದ್ದಾರೆ. ಬೆನ್ ತ್ರೆ ಈಗ ವಿನ್ ಲಾಂಗ್ ಪ್ರಾಂತ್ಯಕ್ಕೆ ಸೇರಿದೆ, ಮಿ ಥೋ ದೋಂಗ್ ಥಾಪ್ ಪ್ರಾಂತ್ಯಕ್ಕೆ. ಹಳೆಯ ವಿನ್ ಲಾಂಗ್ ಪಟ್ಟಣಕ್ಕೆ ಹೋಗುವುದಾಗಿ ದುಡ್ಡು ಪಡೆದು ಮಿ ಥೋ ಎದುರಿನ, ಬೆನ್ ತ್ರೆಗೆ ಸೇರಿದ ದ್ವೀಪಗಳನ್ನೇ ಸುತ್ತಿಸಿ, ಇದೂ ವಿನ್ ಲಾಂಗೇ ಎಂದು ಕಾಗದ ತೋರಿಸುವುದು ಈಗ ಸುಲಭ. ಪ್ರಾಂತ್ಯದ ಹೆಸರಿಗೆ ಒಪ್ಪದೆ, ಪಟ್ಟಣ ಯಾವುದು, ದೋಣಿ ಕಟ್ಟೆ ಯಾವುದು ಎಂದು ಬರೆಸಿಕೊಳ್ಳಿ.