ಬಾಡುತ್ತಿರುವ ಹತ್ತಿಗೆ ‘ಕಾಯಿ ಹೆಚ್ಚಿಸುವ ಟಾನಿಕ್’ ಕೊಟ್ಟರೆ ಕೊಳ್ಳಬೇಡಿ

ಭರಮಸಾಗರದ ಕಡೆಯ ನಮ್ಮ ಮಳೆಯಾಶ್ರಿತ ಎರೆಹೊಲದಲ್ಲಿ ಕಳೆದ ಮುಂಗಾರಿನ ಹತ್ತಿ ಮೊಗ್ಗು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಮೊಗ್ಗು ಉದುರುತ್ತಿವೆ ಎಂದು ಔಷಧಿ ಅಂಗಡಿಯಲ್ಲಿ ಹೇಳಿದಾಗ, ‘ಕಾಯಿ ಹೆಚ್ಚಿಸುವ ಟಾನಿಕ್’ ಎಂದು ಒಂದು ಬಾಟಲಿ ಕೊಟ್ಟು, ಗಿಡ ಎತ್ತರಕ್ಕೆ ಹೋಗುವ ಶಕ್ತಿಯೆಲ್ಲ ಕಾಯಿಗೆ ತಿರುಗುತ್ತದೆ ಎಂದು ಭರವಸೆ ನೀಡಿದರು. ಹೊಲಕ್ಕೆ ನೀರಿದೆಯೇ ಎಂದು ಮಾತ್ರ ಕೇಳಲಿಲ್ಲ. ಬಾಟಲಿಯಲ್ಲಿ ಇದ್ದದ್ದು ಮೆಪಿಕ್ವಾಟ್ ಕ್ಲೋರೈಡ್.

ಇದು ಟಾನಿಕ್ ಅಲ್ಲ, ಗಿಡಕ್ಕೆ ಹಾಕುವ ಕಡಿವಾಣ. ಗಿಡವನ್ನು ಉದ್ದಕ್ಕೆ ಎಳೆಯುವ ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಾಗುವುದನ್ನು ಇದು ತಗ್ಗಿಸುವುದರಿಂದ ಗೆಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ. ನೀರು, ಯೂರಿಯಾ ಎರಡೂ ಹೆಚ್ಚಾಗಿ ಸೊಕ್ಕಿ ಬೆಳೆದ ಹೊಲದಲ್ಲಿ ಇದರಿಂದ ಉಪಯೋಗವಿದೆ. ಅಂಥ ಕಡೆ ಮೇಲಿನ ಎಲೆಗಳ ನೆರಳಿಗೆ ಕೆಳಗಿನ ಮೊಗ್ಗು ಉದುರುವುದೂ ಕಾಯಿ ಕೊಳೆಯುವುದೂ ತಪ್ಪುತ್ತದೆ. ತೇವವಿಲ್ಲದೆ ತಾನಾಗಿಯೇ ನಿಂತುಹೋದ ಗಿಡಕ್ಕೆ ಸಿಂಪಡಿಸಿದರೆ ತಡೆಯುವುದಕ್ಕೆ ಅಲ್ಲಿ ಬೆಳವಣಿಗೆಯೇ ಇರುವುದಿಲ್ಲ, ಮುಂದೆ ಮಳೆ ಬಂದಾಗ ಚೇತರಿಸಿಕೊಳ್ಳಬೇಕಾದ ಕುಡಿಯೂ ಹಿಂದೆ ಬೀಳುತ್ತದೆ.

ನಮ್ಮಲ್ಲಿ ಆದದ್ದೂ ಅದೇ. ಸಿಂಪಡಿಸಿದ ಕೆಲವು ದಿನಗಳಲ್ಲಿ ಎಲೆ ಕಡುಹಸಿರಾಯಿತು, ನೋಡಿದವರೆಲ್ಲ ಹೊಗಳಿದರು (ಈ ಬಣ್ಣವೇ ಅಂಗಡಿಯವರಿಗೆ ಒಳ್ಳೆಯ ಜಾಹೀರಾತು). ಆಮೇಲೆ ಮಳೆ ಬಂದಾಗ, ಏನೂ ಹೊಡೆಯದ ಪಕ್ಕದ ಹೊಲದ ಹತ್ತಿ ಹೊಸ ಕೊಂಬೆ ಬಿಟ್ಟು ಮತ್ತೆ ಮೊಗ್ಗು ಹಿಡಿಯಿತು. ನಮ್ಮದು ಮೊಣಕಾಲೆತ್ತರಕ್ಕೇ ಗಿಡ್ಡಾಗಿ ನಿಂತು, ಮೇಲಿನ ಕೊಂಬೆಗಳಲ್ಲಿ ಕಾಯಿಯೇ ಕಾಣಲಿಲ್ಲ. ದೂರು ಹೇಳಲು ಹೋದರೆ ಡೋಸ್ ಸಾಲಲಿಲ್ಲ, ಇನ್ನೊಂದು ಸಲ ಹೊಡೆಯಿರಿ ಎಂಬ ಉತ್ತರ ಬಂತು.

ಬೆಳವಣಿಗೆ ತಡೆಯಬೇಕೋ ಬೇಡವೋ ಎಂಬುದನ್ನು ಗಿಡವೇ ಹೇಳುತ್ತದೆ. ತುದಿಯಿಂದ ಕೆಳಕ್ಕೆ ಎಣಿಸಿ 4ನೆಯ ಮತ್ತು 5ನೆಯ ಗೆಣ್ಣಿನ ನಡುವೆ ಅಳೆಯಿರಿ: ಅಂತರ 2 ಇಂಚಿಗಿಂತ ಕಡಿಮೆಯಿದ್ದರೆ ಔಷಧಿ ಬೇಡ, 3 ಇಂಚು ದಾಟಿದ್ದರೆ ಯೋಚಿಸಬಹುದು. ಜಗಳೂರು, ಚಳ್ಳಕೆರೆಯಂಥ ಒಣ ಸೀಮೆಯಲ್ಲಿ ಆ 3 ಇಂಚು ಕಾಣಸಿಗುವುದೇ ಅಪರೂಪ. ಬರಗಾಲದ ಮೊಗ್ಗುದುರುವಿಕೆಗೆ ಇದನ್ನು ಮದ್ದೆಂದು ಮಾರುವವರು ತಿಳಿಯದೆ ಮಾರುತ್ತಾರೆಂದು ನನಗನ್ನಿಸುವುದಿಲ್ಲ.

ಮೆಪಿಕ್ವಾಟ್ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗುವ ವಸ್ತು. ಲೇಬಲ್ ಮೇಲೆ ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಲೇಬೇಕು. ಬಿಲ್ಲಿನ ಬದಲು ನಮಗೆ ಸಿಕ್ಕಿದ್ದು ‘ಟಾನಿಕ್’ ಎಂದಷ್ಟೇ ಬರೆದ ಚೀಟಿ. ಅದನ್ನು ಹಿಡಿದು ಪರಿಹಾರ ಕೇಳಲು ದಾರಿಯೇ ಇರಲಿಲ್ಲ. ಔಷಧಿಯ ಹೆಸರು, ಬ್ಯಾಚ್ ಸಂಖ್ಯೆ ಬರೆದ ಮುದ್ರಿತ ಬಿಲ್ ಕೊಡದ ಅಂಗಡಿಯಿಂದ ಬರಿಗೈಯಲ್ಲಿ ವಾಪಸಾಗಿ, ಬಾಡಿದ ಒಂದು ಗಿಡವನ್ನು ಬೇರುಸಮೇತ ಕಿತ್ತು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಒಯ್ದು ತೋರಿಸಿ.